ಪಂಪಿನ ಕ್ಯಾನು, ಕಂಪನಿಯ ಕ್ಯಾನು, ಹೆಸರಿನ ಕ್ಯಾನು: ಎಂಜಿನ್ ಆಯಿಲ್ ಯಾವುದು ಕೊಳ್ಳಬೇಕು?

ದಸರೆ ಮುಗಿದು ಕಬ್ಬಿನ ಹಂಗಾಮಿಗೆ ಟ್ರ್ಯಾಕ್ಟರುಗಳು ಸಜ್ಜಾಗುವ ಹೊತ್ತಿಗೆ ನಮ್ಮ ಕೌಂಟರಿನ ಮುಂದೆ ಪ್ರತಿವರ್ಷ ಅದೇ ಪಂಚಾಯಿತಿ. ಮಹಾಲಿಂಗಪುರದ ಕಡೆಯಿಂದ ಬರುವ ನಮ್ಮ ಕಾಕಾ ಏಳೂವರೆ ಲೀಟರಿನ ಮೂರು ಬಕೆಟ್‌ಗಳನ್ನು ಸಾಲಾಗಿ ಇಡಿಸುತ್ತಾರೆ. ಒಂದು ಟಿ.ವಿ.ಯಲ್ಲಿ ಜಾಹೀರಾತು ಬರುವ ವಿದೇಶಿ ಹೆಸರಿನದು, ಒಂದು ಟ್ರ್ಯಾಕ್ಟರ್ ಕಂಪನಿಯ ಮುದ್ರೆ ಹೊತ್ತದ್ದು, ಮೂರನೆಯದು ಪೆಟ್ರೋಲ್ ಪಂಪಿನಲ್ಲಿ ಸಿಗುವ ಸರ್ಕಾರಿ ಕಂಪನಿಯದು. ಮುಚ್ಚಳ ತಟ್ಟುತ್ತಾರೆ, ಹಿಡಿಕೆ ಎತ್ತಿ ತೂಗುತ್ತಾರೆ, ಕೊನೆಗೆ ಕೇಳುತ್ತಾರೆ: "ತಮ್ಮಾ, ಮೂರರ ಒಳಗೂ ಇರುವುದು ಎಣ್ಣೆಯೇ ತಾನೆ? ಇದೊಂದಕ್ಕೆ ಎಂಟುನೂರು ರೂಪಾಯಿ ಹೆಚ್ಚು ಯಾಕೆ?"

ಬಾಗಲಕೋಟೆಯ ನವನಗರದಲ್ಲಿ ವಾಹನಗಳ ಬಿಡಿಭಾಗದ ಅಂಗಡಿಯ ಕೌಂಟರಿನ ಹಿಂದೆ ಹನ್ನೊಂದು ವರ್ಷ ಕೂತವನು ನಾನು. ಹಾಗಾಗಿ ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಯಾವ ಕ್ಯಾನಿನ ಹೆಸರು ಯಾರಿಗೂ ಗೊತ್ತಿಲ್ಲವೋ ಅದರಲ್ಲಿಯೇ ಅಂಗಡಿಯವನಿಗೆ ಲಾಭ ಹೆಚ್ಚು. ದೊಡ್ಡ ಹೆಸರಿನ ಆಯಿಲ್ ಮಾರಿದರೆ ಉಳಿಯುವುದು ಚಿಲ್ಲರೆ. ಆದ್ದರಿಂದ ಅಂಗಡಿಯವನು "ಇದನ್ನು ಒಯ್ಯಿರಿ, ಅದಕ್ಕಿಂತ ಚಲೋ ಇದೆ" ಎಂದು ಗೊತ್ತಿಲ್ಲದ ಹೆಸರೊಂದನ್ನು ಮುಂದೆ ತಳ್ಳಿದರೆ ಸ್ವಲ್ಪ ನಿಂತು ಯೋಚಿಸಿ. ಆ ಕ್ಯಾನು ಕೆಟ್ಟದ್ದೇ ಇರಬೇಕೆಂದಿಲ್ಲ. ಅವನ ಮಾತಿನ ಹಿಂದೆ ಒಂದು ಲೆಕ್ಕವಿದೆ ಎಂದಷ್ಟೇ ತಿಳಿದಿರಲಿ.

ಅಮೆರಿಕದಲ್ಲಿ ಇದೇ ಪ್ರಶ್ನೆಯನ್ನು ಬೇರೆ ರೀತಿ ಕೇಳುತ್ತಾರೆ. ಅಲ್ಲಿ ದೊಡ್ಡ ಅಂಗಡಿಗಳು ತಮ್ಮದೇ ಹೆಸರಿನ ಎಂಜಿನ್ ಆಯಿಲ್ ಮಾರುತ್ತವೆ. ವಾಲ್‌ಮಾರ್ಟಿನದು ಸೂಪರ್ ಟೆಕ್, ಕಾಸ್ಟ್‌ಕೋದ್ದು ಕರ್ಕ್‌ಲ್ಯಾಂಡ್. ಅಂಗಡಿಯವರು ಎಣ್ಣೆ ತಯಾರಿಸುವುದಿಲ್ಲ. ಎಣ್ಣೆ ಬೆರೆಸುವ ಕಾರ್ಖಾನೆಗಳಿಂದ ತುಂಬಿಸಿಕೊಂಡು ತಮ್ಮ ಚೀಟಿ ಅಂಟಿಸುತ್ತಾರೆ. ನಮ್ಮಲ್ಲಿ ಕಿರಾಣಿ ಮಾಲ್‌ಗಳು ಹೀಗೆ ಆಯಿಲ್ ಮಾರುವ ರೂಢಿಯಿಲ್ಲ. ಆದರೆ ಅಂಥದ್ದೇ ಕ್ಯಾನು ನಮ್ಮ ಮನೆಗೂ ಬರುತ್ತದೆ, ಬೈಕ್ ಮತ್ತು ಕಾರು ಕಂಪನಿಗಳ ಹೆಸರಿನಲ್ಲಿ. ಹೀರೋ, ಹೋಂಡಾ, ಮಾರುತಿ, ಮಹೀಂದ್ರ, ಯಾರದೇ ಮುದ್ರೆಯ ಕ್ಯಾನು ತೆಗೆದುಕೊಳ್ಳಿ. ವಾಹನ ಕಟ್ಟುವ ಈ ಕಂಪನಿಗಳು ತೈಲ ಶುದ್ಧೀಕರಣಾಗಾರ ನಡೆಸುವುದಿಲ್ಲ. ಕ್ಯಾನಿನ ಹಿಂಬದಿ ತಿರುಗಿಸಿ ಸಣ್ಣ ಅಕ್ಷರ ಓದಿ. ತಯಾರಿಸಿದವರು ಯಾರು ಎಂಬುದು ಕಾನೂನಿನ ಪ್ರಕಾರ ಅಲ್ಲಿ ಅಚ್ಚಾಗಿರಲೇಬೇಕು. ಬಹಳ ಸಲ ಅಲ್ಲಿರುವ ಹೆಸರು ಯಾವುದೋ ಆಯಿಲ್ ಕಂಪನಿಯದೇ ಆಗಿರುತ್ತದೆ.

ಇದರ ಪಕ್ಕದಲ್ಲಿ ಪಂಪಿನ ಕ್ಯಾನು: ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಹಿಂದೂಸ್ತಾನ್ ಪೆಟ್ರೋಲಿಯಂನ ಎಚ್‌ಪಿ. ಸರ್ವೋ 1972ರಿಂದ ಇದೆ, ನನಗಿಂತ ಹಿರಿಯದು. ಆಮೇಲೆ ದೊಡ್ಡ ಹೆಸರುಗಳು: ಕ್ಯಾಸ್ಟ್ರಾಲ್, ಮೊಬಿಲ್, ಶೆಲ್, ಗಲ್ಫ್, ವಾಲ್ವೊಲಿನ್. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಔಡಲೆಣ್ಣೆಯ ಇಂಗ್ಲಿಷ್ ಹೆಸರಿನಿಂದ; 1909ರಲ್ಲಿ ಅವರು ಎಂಜಿನ್ ಎಣ್ಣೆಗೆ ಅದನ್ನು ಬೆರೆಸುತ್ತಿದ್ದರು. ಚಕ್ಕಡಿಯ ಅಚ್ಚಿಗೆ ಔಡಲೆಣ್ಣೆ ಹಚ್ಚುತ್ತಿದ್ದ ನಮ್ಮ ಅಜ್ಜನಿಗೆ ಇದನ್ನು ಹೇಳಿದ್ದರೆ ಬೀಗುತ್ತಿದ್ದ. ಕೊನೆಯದಾಗಿ, ಯಾರೂ ಕೇಳದ ಹೆಸರಿನ ಕ್ಯಾನುಗಳು ಮತ್ತು ಡ್ರಮ್ಮಿನಿಂದ ಅಳೆದು ಕೊಡುವ ಲೂಜ್ ಆಯಿಲ್.

ಒಳಗೆ ಏನಿದೆ

ಎಂಜಿನ್ ಆಯಿಲ್‌ನಲ್ಲಿ ಸುಮಾರು ಮುಕ್ಕಾಲು ಪಾಲು, ಕೆಲವೊಮ್ಮೆ ನೂರಕ್ಕೆ ತೊಂಬತ್ತರವರೆಗೆ, ಬೇಸ್ ಆಯಿಲ್ ಎಂಬ ಮೂಲ ಎಣ್ಣೆ. ಉಳಿದದ್ದು ರಾಸಾಯನಿಕಗಳು. ಮಸಿ ತೊಳೆಯುವುದಕ್ಕೊಂದು, ತೊಳೆದ ಮಸಿ ಗಟ್ಟಿಯಾಗಿ ತಳದಲ್ಲಿ ಕೂರದಂತೆ ತೇಲಿಸಿ ಇಡುವುದಕ್ಕೊಂದು, ಲೋಹಕ್ಕೆ ಲೋಹ ತಿಕ್ಕುವಲ್ಲಿ ತೆಳ್ಳನೆಯ ಪೊರೆ ಕಟ್ಟುವ ಸತುವಿನ ಸಂಯುಕ್ತ, ನೊರೆ ಬಾರದಂತೆ ಒಂದು ಚೂರು ಸಿಲಿಕೋನ್, ಬಿಸಿಯಾದಾಗ ಎಣ್ಣೆ ನೀರಾಗದಂತೆ ಹಿಡಿದಿಡುವ ಪಾಲಿಮರ್. ಈ ರಾಸಾಯನಿಕಗಳ ಜಗತ್ತಿನ ವ್ಯಾಪಾರದಲ್ಲಿ ದೊಡ್ಡ ಪಾಲು ನಾಲ್ಕೇ ಕಂಪನಿಗಳದು: ಲುಬ್ರಿಜಾಲ್, ಇನ್ಫಿನಿಯಮ್, ಆಫ್ಟನ್, ಶೆವ್ರಾನ್ ಒರೊನೈಟ್. ಇನ್ಫಿನಿಯಮ್ ಸ್ವತಃ ಶೆಲ್ ಮತ್ತು ಎಕ್ಸಾನ್‌ಮೊಬಿಲ್ ಕೂಡಿ ಕಟ್ಟಿದ ಕಂಪನಿ. ಹೆಸರಿನ ಕ್ಯಾನು ತುಂಬಿಸುವವನೂ ಅಗ್ಗದ ಕ್ಯಾನು ತುಂಬಿಸುವವನೂ ಮಸಾಲೆ ತರಿಸುವುದು ಬಹುಮಟ್ಟಿಗೆ ಈ ನಾಲ್ಕು ಅಂಗಡಿಗಳಿಂದಲೇ.

ಹಾಗಾದರೆ ವ್ಯತ್ಯಾಸವೇ ಇಲ್ಲವೆ? ಇದೆ. ಮಸಾಲೆ ಎಷ್ಟು ಹಾಕಿದ, ಬೇಸ್ ಆಯಿಲ್ ಯಾವ ದರ್ಜೆಯದು, ಪ್ರತಿ ಸಲವೂ ಅಷ್ಟೇ ಹಾಕಿದನೆ ಎಂಬಲ್ಲಿ ವ್ಯತ್ಯಾಸ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಪ್ರತಿ ದರ್ಜೆಗೂ ಕನಿಷ್ಠ ಪರೀಕ್ಷೆಗಳನ್ನು ಗೊತ್ತುಮಾಡಿದೆ. ಅಗ್ಗದವನು ಆ ಗೆರೆಯನ್ನು ಕಾಲ್ತುದಿಯಲ್ಲಿ ದಾಟಿದರೆ, ಹೆಸರುವಾಸಿ ಕಂಪನಿಯ ದುಬಾರಿ ಕ್ಯಾನು ಒಂದು ಮೊಳ ಮೇಲೆ ಜಿಗಿದಿರಬಹುದು. ಆ ಮೊಳ ನಿಮ್ಮ ಎಂಜಿನ್‌ಗೆ ಬೇಕೆ? ಆಯಿಲ್ ಬದಲಿಸುವುದನ್ನು ಎರಡು ಪಟ್ಟು ಮುಂದೂಡುವವರಿಗೆ ಬೇಕು. ಹೊತ್ತಿಗೆ ಸರಿಯಾಗಿ ಬದಲಿಸುವವರಿಗೆ ಆ ಎತ್ತರ ಬಳಕೆಗೇ ಬರುವುದಿಲ್ಲ. ಅರ್ಧ ಶಕ್ತಿ ಉಳಿದಿರುವಾಗಲೇ ಎಣ್ಣೆಯನ್ನು ಎಂಜಿನ್ ತಳದ ಡ್ರೇನ್ ಬೋಲ್ಟ್ ಬಿಚ್ಚಿ ಇಳಿಸಿಬಿಟ್ಟಿರುತ್ತಾರೆ.

ಸಿಂಥೆಟಿಕ್ ಎಂಬ ಪದಕ್ಕೂ ಇಲ್ಲಿಯೇ ಒಂದು ಮಾತು. ಬೇಸ್ ಆಯಿಲ್‌ಗಳಲ್ಲಿ ಐದು ಗುಂಪು. ಮೊದಲ ಮೂರು ಕಚ್ಚಾ ತೈಲದಿಂದಲೇ ಬರುವಂಥವು. ಮೂರನೆಯದನ್ನು ಬಹಳ ಹದವಾಗಿ ಸಂಸ್ಕರಿಸಿರುತ್ತಾರೆ. ನಾಲ್ಕನೆಯದು ರಾಸಾಯನಿಕ ಕಾರ್ಖಾನೆಯಲ್ಲಿ ಕಟ್ಟಿದ್ದು, ಐದನೆಯದು ಈ ನಾಲ್ಕರಲ್ಲಿ ಸೇರದ ಉಳಿದದ್ದೆಲ್ಲ. ಮೂರನೆಯ ಗುಂಪನ್ನು ಸಿಂಥೆಟಿಕ್ ಎಂದು ಕರೆಯಬಹುದೇ ಎಂದು ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಅಮೆರಿಕದಲ್ಲಿ ಜಟಾಪಟಿ ನಡೆದು, 1999ರಲ್ಲಿ ಅಲ್ಲಿನ ಜಾಹೀರಾತು ತಕರಾರು ಬಗೆಹರಿಸುವ ಸಂಸ್ಥೆ ಕರೆಯಬಹುದು ಎಂದಿತು. ಅಂದಿನಿಂದ ಆ ಪದ ಸಡಿಲವಾಗಿದೆ. ಕ್ಯಾನಿನ ಮುಖದ ಮೇಲೆ ಚಿನ್ನದ ಬಣ್ಣದಲ್ಲಿ ಹೊಳೆಯುವ ಸಿಂಥೆಟಿಕ್ ಎಂಬ ಅಕ್ಷರಕ್ಕಿಂತ ಹಿಂಬದಿಯ ಕಪ್ಪು ಅಕ್ಷರ ನಂಬಲರ್ಹ.

ಹಿಂಬದಿಯ ಅಕ್ಷರಗಳು

ಮೊದಲನೆಯದು ಗ್ರೇಡ್, ಅಂದರೆ ಎಣ್ಣೆ ಎಷ್ಟು ದಪ್ಪ ಎಂಬುದರ ಗುರುತು: 10ಡಬ್ಲ್ಯೂ-30, 20ಡಬ್ಲ್ಯೂ-40, 15ಡಬ್ಲ್ಯೂ-40 ಎಂದು ಬರೆದಿರುತ್ತದೆ. ಡಬ್ಲ್ಯೂ ಅಂದರೆ ಚಳಿಗಾಲ. ಅದರ ಹಿಂದಿನ ಅಂಕೆ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. 20ಡಬ್ಲ್ಯೂ ಪರೀಕ್ಷೆ ನಡೆಯುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಬಾಗಲಕೋಟೆಯ ಡಿಸೆಂಬರಿಗೂ ಆ ಚಳಿಗೂ ಸಂಬಂಧವಿಲ್ಲ. ಕೊನೆಯ ಅಂಕೆ ಎಣ್ಣೆ 100 ಡಿಗ್ರಿಯಲ್ಲಿ ಎಷ್ಟು ಗಟ್ಟಿಯಾಗಿ ಇರುತ್ತದೆ ಎಂಬುದು. "ನಮ್ಮದು ಬಿಸಿಲಿನ ಊರು, ದಪ್ಪ ಎಣ್ಣೆ ಹಾಕಿ" ಎನ್ನುವ ಮಿಸ್ತ್ರಿಗಳು ನನಗೆ ದಿನಕ್ಕೊಬ್ಬರು ಸಿಗುತ್ತಾರೆ. ಹೊರಗೆ 42 ಡಿಗ್ರಿ ಇರಲಿ 22 ಇರಲಿ, ನೀರಿನಿಂದ ತಣಿಯುವ ಎಂಜಿನ್ ಒಳಗಿನ ಎಣ್ಣೆ ಓಡುತ್ತ ಓಡುತ್ತ ನೂರರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಗಾಳಿಯಿಂದ ತಣಿಯುವ ಬೈಕು ಮೇ ತಿಂಗಳ ಮಧ್ಯಾಹ್ನ ಸಂತೆಯ ಗದ್ದಲದಲ್ಲಿ ಸಿಕ್ಕಿಕೊಂಡರೆ ಇನ್ನಷ್ಟು ಕಾಯುತ್ತದೆ, ನಿಜ. ಆದರೂ ಅದನ್ನು ಕಟ್ಟಿದವರು ರಾಜಸ್ಥಾನವನ್ನೂ ಲೆಕ್ಕಕ್ಕೆ ಹಿಡಿದೇ ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಗ್ರೇಡ್ ಬರೆದಿರುತ್ತಾರೆ. ಪುಸ್ತಕ 10ಡಬ್ಲ್ಯೂ-30 ಎಂದರೆ ಅದೇ ಇರಲಿ.

ಎರಡನೆಯದು ಎಪಿಐ ದರ್ಜೆ. ಪೆಟ್ರೋಲ್ ಎಂಜಿನ್‌ಗೆ ಎಸ್ ಅಕ್ಷರದಿಂದ, ಡೀಸೆಲ್‌ಗೆ ಸಿ ಅಕ್ಷರದಿಂದ ಶುರು. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಡೀಸೆಲ್ ಕಡೆ ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರಲ್ಲಿ. ಎಪಿಐ ಈಗ ಸಿಎಫ್-4 ದರ್ಜೆಯನ್ನು ಬಳಕೆ ತಪ್ಪಿದ್ದು ಎಂದೇ ಪಟ್ಟಿಮಾಡಿದೆ, ಆದರೆ ನಮ್ಮ ಬಜಾರಿನ ಅಗ್ಗದ ಬಕೆಟ್‌ಗಳ ಮೇಲೆ ಅದು ಇನ್ನೂ ರಾಜಾರೋಷವಾಗಿ ಕೂತಿರುತ್ತದೆ. ಬಕೆಟ್ ಹೊಸದು, ಸೀಲ್ ಹೊಸದು, ಒಳಗಿನ ಎಣ್ಣೆಯ ಅಳತೆ ಮಾತ್ರ ಮೂವತ್ತೈದು ವರ್ಷ ಹಳೆಯದು.

ಅಂಗಡಿ ಹೆಸರಿನ ಆಯಿಲ್ ಎಡವುವುದೂ ಇಲ್ಲಿಯೇ. ಅಮೆರಿಕದ ಡಾಲರ್ ಜನರಲ್ ಎಂಬ ಅಗ್ಗದ ಅಂಗಡಿಗಳ ಸರಣಿ ತನ್ನ ಹೆಸರಿನಲ್ಲಿ ಎಸ್‌ಎ, ಎಸ್‌ಎಫ್ ದರ್ಜೆಯ ಆಯಿಲ್ ಮಾರುತ್ತಿತ್ತು. ಎಸ್‌ಎ 1930ರ ನಂತರದ ಎಂಜಿನ್‌ಗಳಿಗೆ ತಕ್ಕದ್ದಲ್ಲ, ಎಸ್‌ಎಫ್ 1988ರ ನಂತರದವಕ್ಕೆ ತಕ್ಕದ್ದಲ್ಲ. ಈ ಎಚ್ಚರಿಕೆ ಕ್ಯಾನಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದೇ ಇತ್ತು; ಕ್ಯಾನು ಇಟ್ಟದ್ದು ಮಾತ್ರ ಹೊಸ ಕಾರುಗಳಿಗೆ ತಕ್ಕ ಆಯಿಲ್‌ಗಳ ಪಕ್ಕದಲ್ಲಿ. ಗ್ರಾಹಕರು ನ್ಯಾಯಾಲಯಕ್ಕೆ ಹೋದರು, ಕಂಪನಿ ಕೊನೆಗೆ ಪರಿಹಾರದ ಒಪ್ಪಂದಕ್ಕೆ ಬಂದಿತು. ಕಾಸ್ಟ್‌ಕೋದ ಕ್ಯಾನೂ ಅಂಗಡಿ ಹೆಸರಿನದೇ, ಅದಕ್ಕೆ ಹೊಸ ದರ್ಜೆಯ ಎಪಿಐ ಪರವಾನಗಿ ಇದೆ. ಎರಡೂ ಅಂಗಡಿ ಕ್ಯಾನುಗಳೇ, ನಡುವೆ ಅಜಗಜಾಂತರ.

ಪರವಾನಗಿ ಅಂದೆನಲ್ಲ, ಅದನ್ನು ಗುರುತಿಸುವುದು ಸುಲಭ. ಪರವಾನಗಿ ಪಡೆದ ಕ್ಯಾನಿನ ಮೇಲೆ ಬಳೆಯಂಥ ಒಂದು ದುಂಡು ಮುದ್ರೆ ಇರುತ್ತದೆ. ಮೇಲಿನ ಅರ್ಧದಲ್ಲಿ ಎಪಿಐ ದರ್ಜೆ, ನಡುವೆ ಗ್ರೇಡ್. ಅದಿಲ್ಲದೆ "ಎಸ್‌ಎನ್ ಮಟ್ಟಕ್ಕೆ ಸಮನಾದದ್ದು" ಎಂದು ಬರೆದಿದ್ದರೆ ಅದು ಕಂಪನಿ ತಾನೇ ಹೇಳಿಕೊಂಡ ಮಾತು. ಸುಳ್ಳೆಂದೇನಲ್ಲ, ಮೂರನೆಯವರು ನೋಡಿ ಒಪ್ಪಿದ್ದಲ್ಲ ಅಷ್ಟೇ. ಪರವಾನಗಿ ಪಡೆದವರ ಪಟ್ಟಿಯನ್ನು ಎಪಿಐ ಜಾಲತಾಣದಲ್ಲಿ ಮೊಬೈಲಿನಿಂದಲೇ ಯಾರು ಬೇಕಾದರೂ ನೋಡಬಹುದು.

ಮೂರನೆಯದು ಬೈಕಿನವರಿಗೆ ಮಾತ್ರ: ಜಾಪಾನಿನ ವಾಹನ ಮಾನಕ ಸಂಸ್ಥೆ ಜಾಸೋದ ಗುರುತು. ಎಂಎ ಅಥವಾ ಎಂಎ2 ಎಂದಿದ್ದರೆ ಬೈಕಿಗೆ, ಎಂಬಿ ಎಂದಿದ್ದರೆ ಗೇರಿಲ್ಲದ ಸ್ಕೂಟರಿಗೆ. ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲಿಯೇ ಮುಳುಗಿರುತ್ತವೆ. ಎಣ್ಣೆ ತೀರ ನುಣುಪಾದರೆ ಪ್ಲೇಟುಗಳಿಗೆ ಹಿಡಿತ ಸಿಗುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ. ಕೌಂಟರಿಗೆ ಸೇರಿದ ಮೊದಲ ವರ್ಷ, ಕಾರಿನ ದುಬಾರಿ ಆಯಿಲ್ ಅರ್ಧ ಕ್ಯಾನು ಉಳಿದಿತ್ತು. ದೊಡ್ಡ ಹೆಸರು, ಅಪ್ಪಟ ಅಸಲಿ ಮಾಲು. ವ್ಯರ್ಥ ಮಾಡುವುದೇಕೆ ಎಂದು ನನ್ನ ಬೈಕಿಗೆ ಸುರಿದುಕೊಂಡೆ. ಎಂಜಿನ್ ಸದ್ದು ಎರಡು ದಿನ ರೇಷ್ಮೆಯಂತೆ ಇತ್ತು, ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೂರನೆಯ ದಿನ ಹೆಂಡತಿಯನ್ನು ಕೂರಿಸಿಕೊಂಡು ಗುಳೇದಗುಡ್ಡದ ಕಡೆಯ ಏರು ಹತ್ತುವಾಗ ಎಕ್ಸಲರೇಟರ್ ತಿರುಗಿಸಿದರೆ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಆಕಳಿನಂತೆ ಹೆಜ್ಜೆ ಹಾಕುತ್ತದೆ. ಕ್ಲಚ್ ಜಾರುತ್ತಿತ್ತು. ಇಳಿದು ನಡೆದದ್ದು ಹೆಂಡತಿ, ಮುಖ ಸಣ್ಣದಾದದ್ದು ನನ್ನದು. ಆ ಎಣ್ಣೆ ಇಳಿಸಿ, ಎಂಎ2 ಗುರುತಿನ ಪಂಪಿನ ಕ್ಯಾನು ಹಾಕಿದ ಮೇಲೆ ಸರಿಹೋಯಿತು. ಬೆಲೆ ಕಾರಿನ ಆಯಿಲ್‌ಗಿಂತ ಅರ್ಧಕ್ಕಿಂತ ಕಡಿಮೆ.

ನಕಲಿ ಹುಟ್ಟುವುದು ಯಾರ ಹೆಸರಿನಲ್ಲಿ?

ಅಗ್ಗದ ಹೆಸರನ್ನು ಯಾರೂ ನಕಲು ಮಾಡುವುದಿಲ್ಲ. ಶ್ರಮಪಟ್ಟು ಕಳ್ಳಮಾಲು ತಯಾರಿಸುವವನು ಅದನ್ನು ಹೆಚ್ಚು ದುಡ್ಡಿಗೆ ಮಾರಲು ಬಯಸುತ್ತಾನೆ. ಹಾಗಾಗಿ ಅವನ ಕಣ್ಣು ಯಾವಾಗಲೂ ದೊಡ್ಡ ಹೆಸರಿನ ಕ್ಯಾನಿನ ಮೇಲೆ. ಹೆಸರಿಗೆ ದುಡ್ಡು ಕೊಟ್ಟವರೇ ನಕಲಿಗೆ ಹೆಚ್ಚು ಸಿಕ್ಕಿಬೀಳುತ್ತಾರೆ ಎಂಬುದು ನನಗೆ ತಿಳಿದದ್ದು ಒಬ್ಬ ಗುಜರಿಯವನಿಂದ. ಗೋಣಿಚೀಲ ಹೊತ್ತು ವಾರಕ್ಕೊಮ್ಮೆ ನಮ್ಮ ಪಕ್ಕದ ಗ್ಯಾರೇಜಿಗೆ ಬರುತ್ತಿದ್ದ. ಸಾದಾ ಪ್ಲಾಸ್ಟಿಕ್ಕನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಿದ್ದ, ಎರಡು ಮೂರು ಹೆಸರಿನ ಕ್ಯಾನುಗಳನ್ನು ಮಾತ್ರ ಒಂದೊಂದಾಗಿ ಎಣಿಸಿ, ಮುಚ್ಚಳ ಇದ್ದರೆ ಹೆಚ್ಚು ಕೊಡುತ್ತಿದ್ದ. ಚೀಟಿ ಹರಿದಿದ್ದರೆ ಬೇಡ ಎನ್ನುತ್ತಿದ್ದ. ಗುಜರಿಯವನಿಗೆ ಚೀಟಿಯ ಅಂದಚೆಂದ ಯಾಕೆ ಬೇಕು ಎಂದು ಒಮ್ಮೆ ಕೇಳಿದೆ. ನಕ್ಕು ಚೀಲದ ಬಾಯಿ ಕಟ್ಟಿಕೊಂಡ. ಅಂದಿನಿಂದ ನಮ್ಮ ಗಿರಾಕಿಗಳಿಗೆ ಒಂದೇ ಮಾತು: ಆಯಿಲ್ ಸುರಿದ ಕೂಡಲೇ ಖಾಲಿ ಕ್ಯಾನಿನ ಹೊಟ್ಟೆಗೆ ಸ್ಕ್ರೂಡ್ರೈವರಿನಿಂದ ಎರಡು ತೂತು ಹಾಕಿ, ಚೀಟಿ ಗೀರಿ ಎಸೆಯಿರಿ.

ಕೊಳ್ಳುವಾಗ ಮುಚ್ಚಳದ ಕೆಳಗಿನ ಉಂಗುರ ಇಡಿಯಾಗಿದೆಯೇ, ಬಾಯಿಯ ಮೇಲಿನ ಬೆಳ್ಳಿ ಹಾಳೆ ಸುಕ್ಕಿಲ್ಲದೆ ಅಂಟಿದೆಯೇ, ಬ್ಯಾಚ್ ನಂಬರ್ ಮತ್ತು ತಯಾರಿಕೆಯ ತಿಂಗಳು ಉಗುರಿನಲ್ಲಿ ಉಜ್ಜಿದರೆ ಅಳಿಯುತ್ತದೆಯೇ ನೋಡಿ. ಜಿಎಸ್‌ಟಿ ಬಿಲ್ ಕೇಳಿ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ, ಎಂಜಿನ್ ಆಯಿಲ್ ಒಳಗಿದೆ, ನೂರಕ್ಕೆ 18. "ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇನೆ" ಎನ್ನುವವನು ತೆರಿಗೆಯನ್ನಷ್ಟೇ ಮುಚ್ಚಿಡುತ್ತಿದ್ದಾನೆ ಎಂದುಕೊಳ್ಳಬೇಡಿ. ನಕಲಿಯ ವಿಷಯದಲ್ಲಿ ಪಂಪಿನ ಕ್ಯಾನಿಗೆ ಒಂದು ಅನುಕೂಲವಿದೆ. ಅದು ಕಂಪನಿಯ ಡಿಪೋದಿಂದ ನೇರವಾಗಿ ಪಂಪಿಗೆ ಬರುತ್ತದೆ, ನಡುವೆ ಕೈಗಳು ಕಡಿಮೆ. ಅಧಿಕೃತ ಸರ್ವಿಸ್ ಸೆಂಟರಿನ ಕ್ಯಾನಿಗೂ ಇದೇ ಮಾತು.

ಲೂಜ್ ಆಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡ್ರಮ್ಮಿನ ಮೇಲೆ ಏನು ಬರೆದಿದೆಯೋ ಅದು ಡ್ರಮ್ಮು ಹುಟ್ಟಿದ ದಿನದ ಸಂಗತಿ. ಸುಟ್ಟ ಎಣ್ಣೆಯನ್ನು ಕಾರ್ಖಾನೆಯಲ್ಲಿ ಕ್ರಮವಾಗಿ ಮರುಶುದ್ಧೀಕರಿಸಿದರೆ ಒಳ್ಳೆಯ ಬೇಸ್ ಆಯಿಲ್ ಸಿಗುತ್ತದೆ, ಅದು ತಪ್ಪಲ್ಲ. 2024ರ ಏಪ್ರಿಲ್‌ನಿಂದ ನಮ್ಮ ದೇಶದ ಆಯಿಲ್ ಕಂಪನಿಗಳಿಗೆ ಬಳಸಿದ ಎಣ್ಣೆಯ ಮರುಬಳಕೆಯ ಹೊಣೆಯನ್ನೂ ಕಾನೂನು ಹೊರಿಸಿದೆ. ಸೋಸಿ, ಬಣ್ಣ ತೆಗೆದು, ಡ್ರಮ್ಮಿಗೆ ಸುರಿದದ್ದು ಮರುಶುದ್ಧೀಕರಣವಲ್ಲ.

ಮಿಸ್ತ್ರಿಯ ಮಾತು ಮತ್ತು ಮುಚ್ಚಳದ ಕೂಪನ್

"ನಮ್ಮ ಮಿಸ್ತ್ರಿ ಇದನ್ನೇ ಹಾಕುತ್ತಾರೆ" ಎಂಬುದು ಗಿರಾಕಿಗಳ ದೊಡ್ಡ ಆಧಾರ. ಮಿಸ್ತ್ರಿಯ ಕೈಯನ್ನು ನಾನೂ ನಂಬುತ್ತೇನೆ, ಕ್ಯಾನಿನ ಆಯ್ಕೆಯನ್ನು ಅಷ್ಟಾಗಿ ನಂಬುವುದಿಲ್ಲ. ಹಲವು ಕಂಪನಿಗಳ ಕ್ಯಾನಿನ ಮುಚ್ಚಳದೊಳಗೆ ಒಂದು ಕೂಪನ್ ಅಥವಾ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಚೌಕ ಇರುತ್ತದೆ. ಅದು ನಿಮಗಲ್ಲ, ತೆರೆದವನಿಗೆ. ಪಕ್ಕದ ಗ್ಯಾರೇಜಿನಲ್ಲಿ ಹುಡುಗನೊಬ್ಬ ಕ್ಯಾನು ತೆರೆದ ಕೂಡಲೇ ಎಣ್ಣೆ ಕೈಯಲ್ಲಿಯೇ ಮುಚ್ಚಳವನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಸಂಜೆ ಹೊತ್ತಿಗೆ ಜೇಬು ಕಪ್ಪಾಗಿ ಉಬ್ಬಿರುತ್ತಿತ್ತು. ದುಡಿಯುವವನಿಗೆ ನಾಲ್ಕು ಕಾಸು ಸಿಕ್ಕರೆ ನನಗೇನೂ ತಕರಾರಿಲ್ಲ. ಆ ಆಯ್ಕೆ ಎಂಜಿನ್‌ನ ಹಿತಕ್ಕಾಗಿಯೇ ನಡೆದಿದೆ ಎಂದು ಮಾತ್ರ ತಿಳಿಯಬೇಡಿ. ಪುಸ್ತಕದ ಗ್ರೇಡನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಥವಾ ಕ್ಯಾನನ್ನು ನೀವೇ ಒಯ್ಯಿರಿ.

ಎಣ್ಣೆಯನ್ನು ಬೆರಳಿನಲ್ಲಿ ಉಜ್ಜಿ "ಹೋಗಿದೆ" ಎನ್ನುವುದು ಇನ್ನೊಂದು. ಡೀಸೆಲ್ ಎಂಜಿನ್‌ನಲ್ಲಿ ಹೊಸ ಎಣ್ಣೆ ಒಂದೆರಡು ದಿನದಲ್ಲಿಯೇ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಕಪ್ಪಾಗದೆ ಹೊಳೆಯುತ್ತಲೇ ಇದ್ದರೆ ಮಸಿ ಎಲ್ಲಿ ಕೂತಿದೆ ಎಂದು ಹೆದರಬೇಕು. ಕಪ್ಪಾದದ್ದನ್ನು ಕಂಡು "ಅಗ್ಗದ ಮಾಲು, ನೋಡಿ ಹೇಗೆ ಸುಟ್ಟಿದೆ" ಎಂದು ಅಂಗಡಿಗೆ ಜಗಳಕ್ಕೆ ಬಂದವರು ನನಗೆ ಲೆಕ್ಕವಿಲ್ಲ.

ದುಡ್ಡಿನ ಲೆಕ್ಕ

ಕಾಕಾನ ಎಂಟುನೂರು ರೂಪಾಯಿಗೆ ಬರೋಣ. ಅವರ ಟ್ರ್ಯಾಕ್ಟರಿಗೆ ಒಂದು ಸಲಕ್ಕೆ ಏಳೂವರೆ ಲೀಟರ್, 250 ಗಂಟೆಗೊಮ್ಮೆ ಬದಲಾವಣೆ. ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಕಾರ್ಖಾನೆಯ ಸಾಲಿನಲ್ಲಿ ರಾತ್ರಿಯಿಡೀ ನಿಂತು, ಹಂಗಾಮಿನ ಹೊರಗೆ ಉಳುಮೆಯನ್ನೂ ಮಾಡಿದರೆ ವರ್ಷಕ್ಕೆ ಸಾವಿರ ಗಂಟೆ. ಅಂದರೆ ನಾಲ್ಕು ಬಕೆಟ್, ಉಳಿತಾಯ 3,200 ರೂಪಾಯಿ. ಗಂಟೆಗೆ ನಾಲ್ಕು ಲೀಟರ್ ಎಂದರೂ ಅದೇ ಸಾವಿರ ಗಂಟೆಯಲ್ಲಿ ಕುಡಿಯುವ ಡೀಸೆಲ್ ನಾಲ್ಕು ಸಾವಿರ ಲೀಟರ್. ಬೈಕಿಗಾದರೆ ಒಂದು ಲೀಟರಿನೊಳಗಿನ ಮಾತು, ವರ್ಷಕ್ಕೆ ಎರಡು ಸಲ. ಲೀಟರಿಗೆ ನೂರು ರೂಪಾಯಿ ಉಳಿಸಿದರೂ ಇನ್ನೂರು ರೂಪಾಯಿ, ಗೆಳೆಯರ ಜೊತೆ ಒಂದು ಸಂಜೆಯ ಗಿರಮಿಟ್ಟು, ಚಹಾಕ್ಕೆ ಸರಿ. ಬೈಕಿನವನು ಹೆಸರಿಗೆ ಸೋತರೂ ಹಾಳಾಗುವುದಿಲ್ಲ. ಟ್ರ್ಯಾಕ್ಟರಿನವನಿಗೆ ಉಳಿತಾಯ ನಿಜವಾದದ್ದು, ಆದರೆ ತಪ್ಪು ಬಕೆಟ್ ಕೊಂಡರೆ ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಕ್ಯಾನುಗಳ ಈ ತಕ್ಕಡಿ ಹಿಡಿದು ಕೂತಾಗ ನಮ್ಮ ಕಡೆಯವರು ಮರೆಯುವುದು ಧೂಳನ್ನು. ಕಳೆದ ವರ್ಷ ಕಾಕಾನ ಟ್ರ್ಯಾಕ್ಟರಿನ ಏರ್ ಕ್ಲೀನರ್ ಬಿಚ್ಚಿದೆ. ಅದರ ಕೆಳಗಿನ ಬೋಗುಣಿಯಲ್ಲಿ ಗೆರೆಯವರೆಗೆ ಸ್ವಚ್ಛ ಎಂಜಿನ್ ಆಯಿಲ್ ಇರಬೇಕು. ಒಳಬರುವ ಗಾಳಿಯ ಧೂಳು ಅದರಲ್ಲಿ ಸಿಕ್ಕಿಕೊಳ್ಳಲಿ ಎಂದು. ಇದ್ದದ್ದು ಎಂಜಿನ್‌ನಿಂದ ಇಳಿಸಿದ ಸುಟ್ಟ ಎಣ್ಣೆ, ತಳದಲ್ಲಿ ಎರಡು ಬೆರಳು ಎತ್ತರ ಕೆಸರು. ಬೆರಳಿನಲ್ಲಿ ತೆಗೆದರೆ ನಮ್ಮ ಎರೆಮಣ್ಣೇ, ಹದವಾಗಿ ಕಲಸಿದಂತೆ. ಬದಿಯ ಕ್ಲಿಪ್ಪು ಸಡಿಲಾಗಿ ಧೂಳು ನೇರವಾಗಿ ಒಳಗೆ ಎಳೆದ ಗುರುತು ಪೈಪಿನುದ್ದಕ್ಕೂ ಇತ್ತು. ಆ ಧೂಳು ಪಿಸ್ಟನ್ ರಿಂಗಿಗೆ ಉಪ್ಪುಕಾಗದ. ಇಂಥ ಎಂಜಿನ್‌ಗೆ ಜಗತ್ತಿನ ಅತಿ ದುಬಾರಿ ಎಣ್ಣೆ ಹಾಕಿದರೂ ಸವೆತ ನಿಲ್ಲುವುದಿಲ್ಲ. ಕಾಕಾ ಸುಮ್ಮನೆ ನೋಡುತ್ತ ನಿಂತಿದ್ದರು. "ಸುಟ್ಟ ಎಣ್ಣೆ ಚೆಲ್ಲುವುದೇಕೆ ಎಂದು ಹಾಕಿದೆ" ಎಂದರು ಮೆಲ್ಲಗೆ.

ಯಾರಿಗೆ ಯಾವುದು

ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಯೋಚನೆ ಬೇಡ. ವಾಹನ ಕಂಪನಿಯ ಕ್ಯಾನನ್ನೇ ಸರ್ವಿಸ್ ಸೆಂಟರಿನಲ್ಲಿ ಹಾಕಿಸಿ, ಬಿಲ್ಲನ್ನು ಆರ್‌ಸಿ ಜೊತೆ ಇಡಿ. ನಾಳೆ ಎಂಜಿನ್ ತಕರಾರು ಬಂದಾಗ ಎಣ್ಣೆಯ ವಿಷಯದಲ್ಲಿ ವಾದ ಮಾಡುವ ಪ್ರಮೇಯವೇ ಬರಬಾರದು.

ವಾರಂಟಿ ಮುಗಿದ ನೂರು, ನೂರಿಪ್ಪತ್ತೈದು ಸಿಸಿಯ ಬೈಕಿಗೆ ಪಂಪಿನ ಕ್ಯಾನೇ ನನ್ನ ಆಯ್ಕೆ. ಪುಸ್ತಕದ ಗ್ರೇಡ್, ಎಂಎ2, ಎಸ್‌ಎಲ್ ಅಥವಾ ಅದರ ಮೇಲಿನ ದರ್ಜೆ ಇದ್ದರೆ ಸಾಕು. ಸ್ಕೂಟರಿಗೆ ಎಂಬಿ. ಅಕಸ್ಮಾತ್ ಸ್ಕೂಟರಿಗೆ ಬೈಕಿನ ಎಂಎ ಹಾಕಿದರೆ ಎಂಜಿನ್ ಕೆಡುವುದಿಲ್ಲ, ಮೈಲೇಜು ತುಸು ಕಡಿಮೆಯಾಗಬಹುದು. ಬೈಕಿಗೆ ಎಂಬಿಯಂಥ ನುಣುಪು ಎಣ್ಣೆ ಹಾಕಿದರೆ ಏನಾಗುತ್ತದೆ ಎಂದು ನನ್ನ ಹೆಂಡತಿಯನ್ನು ಕೇಳಿ.

ಟರ್ಬೊ ಇರುವ ಹೊಸ ಪೆಟ್ರೋಲ್ ಕಾರು ಮತ್ತು 2020ರ ಏಪ್ರಿಲ್ ನಂತರದ, ಬಿಎಸ್-6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಜಿಪುಣತನ ಬೇಡ. ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ನಿಧಾನ ವೇಗದಲ್ಲಿ ಇಂಧನ ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ ಒಡೆಯುವ ಕಾಟವಿದೆ. ಎಸ್‌ಪಿ ದರ್ಜೆಯಲ್ಲಿ ಅದಕ್ಕೆಂದೇ ಒಂದು ಪರೀಕ್ಷೆ ಇದೆ. ಬಿಎಸ್-6 ಡೀಸೆಲ್ ಗಾಡಿಯ ಹೊಗೆನಳಿಗೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಎಣ್ಣೆ ಉರಿದು ಉಳಿಸುವ ಬೂದಿ ಅದನ್ನು ಕಟ್ಟಿಹಾಕುತ್ತದೆ. ಬೂದಿ ಕಡಿಮೆ ಬಿಡುವ ಆಯಿಲ್‌ನ ಗುರುತು ಪುಸ್ತಕದಲ್ಲಿ ಬರೆದಿರುತ್ತದೆ, ಅದೇ ಗುರುತು ಕ್ಯಾನಿನ ಮೇಲೂ ಇರಬೇಕು. ಇಂಥ ಗುರುತುಗಳ ಒಪ್ಪಿಗೆ ಹೆಚ್ಚಾಗಿ ಸಿಗುವುದು ವಾಹನ ಕಂಪನಿಯ ಕ್ಯಾನಿನ ಮೇಲೆ ಮತ್ತು ದೊಡ್ಡ ಹೆಸರಿನ ದುಬಾರಿ ಸಾಲಿನಲ್ಲಿ. ಇಲ್ಲಿ ಹೆಸರಿಗೆ ಕೊಡುವ ದುಡ್ಡಿಗೆ ಅರ್ಥವಿದೆ.

ಟ್ರ್ಯಾಕ್ಟರಿಗೆ 15ಡಬ್ಲ್ಯೂ-40, ಸಿಐ-4 ದರ್ಜೆಯ ಪಂಪಿನ ಬಕೆಟ್ಟೋ ಟ್ರ್ಯಾಕ್ಟರ್ ಕಂಪನಿಯ ಬಕೆಟ್ಟೋ ಎರಡೂ ಸರಿ; ಬೆಲೆ ಕೇಳಿ ತೀರ್ಮಾನಿಸಿ. ಗೇರ್ ಬಾಕ್ಸ್, ಹೈಡ್ರಾಲಿಕ್ ಮತ್ತು ಎಣ್ಣೆಯಲ್ಲಿ ಮುಳುಗಿದ ಬ್ರೇಕಿಗೆ ಬೇರೆಯದೇ ಆಯಿಲ್ ಇದೆ, ಅಲ್ಲಿ ಎಂಜಿನ್ ಆಯಿಲ್ ಸುರಿಯಬೇಡಿ. ಹಳ್ಳದ ದಂಡೆಯ ಹಳೆಯ ಡೀಸೆಲ್ ಪಂಪ್‌ಸೆಟ್ಟಿಗೆ ಅಗ್ಗದ ಕ್ಯಾನು ನಡೆಯುತ್ತದೆ, ಸೀಲ್ ಇದ್ದರೆ ಸಾಕು. ದಾರಿಯಲ್ಲಿ ಎಣ್ಣೆ ಕಡಿಮೆಯಾದರೆ ಅದೇ ಗ್ರೇಡಿನ ಬೇರೆ ಕಂಪನಿಯದು ಬೆರೆಸಲು ಅಂಜಬೇಡಿ. ಎಪಿಐ ದರ್ಜೆಯ ಎಣ್ಣೆಗಳು ಒಂದಕ್ಕೊಂದು ಬೆರೆಯಬೇಕೆಂಬುದೂ ಪರೀಕ್ಷೆಯ ಒಂದು ಭಾಗ. ಖಾಲಿ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಇಷ್ಟನ್ನೂ ಈ ಸಲ ಕಾಕಾನಿಗೆ ಹೇಳಿದೆ. ಬಕೆಟ್ ತಿರುಗಿಸಿ ಬಳೆಯ ಮುದ್ರೆ ತೋರಿಸಿದೆ, ಅವರು ಕನ್ನಡಕ ಏರಿಸಿ ಸಿಐ-4 ಎಂಬುದನ್ನು ತಾವೇ ಓದಿದರು. ಪಂಪಿನ ಬಕೆಟ್ ಮತ್ತು ಟ್ರ್ಯಾಕ್ಟರ್ ಕಂಪನಿಯ ಬಕೆಟ್ ಎರಡೂ ಪಾಸಾದವು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಕಾಕಾ ಎರಡರ ಹಿಡಿಕೆಯನ್ನೂ ಮತ್ತೊಮ್ಮೆ ಎತ್ತಿ ಇಳಿಸಿದರು. "ಹಾಗಾದರೆ ಇದೇ ಇರಲಿ, ಇದರ ಬಕೆಟ್ ಗಟ್ಟಿ ಇದೆ. ನಿಮ್ಮ ಕಾಕಿ ಎಮ್ಮೆಗೆ ನೀರಿಡಲು ಕೇಳಿದ್ದಾಳೆ." ಎಮ್ಮೆಗೆ ಬೇಡ, ಎಷ್ಟು ತೊಳೆದರೂ ರಾಸಾಯನಿಕ ಅಂಟಿಕೊಂಡಿರುತ್ತದೆ, ಸಗಣಿ ಬಾಚಲು ಇಟ್ಟುಕೊಳ್ಳಿ ಎಂದೆ. ತೂತು ಹಾಕುವ ಮಾತನ್ನು ಅವರ ಮುಂದೆ ಎತ್ತಲೇ ಇಲ್ಲ.